ಸಿಗ್ನಲ್‌ನಲ್ಲಿ ನಿಂತಾಗ ಕಾರು ನಡುಗುತ್ತದೆ: ಎಂಜಿನ್ ಬಿಚ್ಚುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ, 4 ಸಿಲಿಂಡರಿನ ಪೆಟ್ರೋಲ್ ಕಾರು. ಆಟೊಮ್ಯಾಟಿಕ್ ಗೇರು, 82,000 ಕಿ.ಮೀ. ಓಡಿದೆ. ಕೆಲವು ತಿಂಗಳಿಂದ ಸಿಗ್ನಲ್‌ನಲ್ಲಿ ‘ಡಿ’ಯಲ್ಲೇ (ಡ್ರೈವ್) ಬ್ರೇಕ್ ಒತ್ತಿ ನಿಂತರೆ ಸ್ಟೀರಿಂಗ್, ಸೀಟು, ಡ್ಯಾಶ್‌ಬೋರ್ಡ್ ಎಲ್ಲ ನಡುಗುತ್ತವೆ. ‘ಎನ್’ಗೆ (ನ್ಯೂಟ್ರಲ್) ಹಾಕಿದರೆ ಬಹುಪಾಲು ನಿಲ್ಲುತ್ತದೆ. ಎ.ಸಿ. ಹಾಕಿದರೆ ಜಾಸ್ತಿ. ಓಡಿಸುವಾಗ ಏನೂ ಇಲ್ಲ. ಪಿಕಪ್, ಮೈಲೇಜ್ ಎರಡೂ ಮೊದಲಿನಂತೆಯೇ ಇವೆ. ಚೆಕ್ ಎಂಜಿನ್ ದೀಪ ಹತ್ತಿಲ್ಲ. ಪ್ಲಗ್ ಹೊಸದು ಹಾಕಿಸಿದೆ, ಟ್ಯಾಂಕಿಗೆ ಇಂಜೆಕ್ಟರ್ ಕ್ಲೀನರ್ ಹಾಕಿದೆ, ವ್ಯತ್ಯಾಸ ಕಾಣಲಿಲ್ಲ. ಒಬ್ಬ ಮೆಕ್ಯಾನಿಕ್ ಆರ್‌ಪಿಎಂ ಸ್ವಲ್ಪ ಏರಿಸಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳದಂಥ ಭಾಗ) ಇಳಿಸಿ ನೋಡಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ? ಹೀಗೇ ಓಡಿಸಿದರೆ ಎಂಜಿನ್ ಹಾಳಾಗುತ್ತದೆಯೇ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ನೀವು ಬರೆದಿರುವ ಲಕ್ಷಣಗಳು ಹೆಡ್ ಇಳಿಸುವ ಕಾಯಿಲೆಯವಲ್ಲ. ಆರ್‌ಪಿಎಂ ಏರಿಸಿದರೆ ನಡುಕ ಮರೆಯಾಗುತ್ತದೆ, ಕಾರಣ ಉಳಿಯುತ್ತದೆ.

ನಿಂತ ಕಾರು ನಡುಗುವುದರ ಹಿಂದೆ ಎರಡು ಬೇರೆ ಬೇರೆ ತೊಂದರೆಗಳಿರಬಹುದು. ಒಂದು, ಎಂಜಿನ್ನೇ ಸರಿಯಾಗಿ ಓಡುತ್ತಿಲ್ಲ: ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಮಿಸ್ ಆಗುತ್ತಿದೆ, ಗಾಳಿ ಸೋರುತ್ತಿದೆ, ಇಂಧನದ ಲೆಕ್ಕ ತಪ್ಪಿದೆ. ಇನ್ನೊಂದು, ಎಂಜಿನ್ ಸರಿಯಾಗಿಯೇ ಓಡುತ್ತಿದೆ, ಆದರೆ ಅದರ ಸಹಜ ಕಂಪನವನ್ನು ತಡೆಯಬೇಕಾದ, ಎಂಜಿನ್ನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ರಬ್ಬರಿನ ಕೂರಿಕೆಗಳಾದ ಮೌಂಟಿಂಗ್‌ಗಳು ಸೋತಿವೆ. ಮಿಕ್ಸಿಯ ಕಾಲಿನ ರಬ್ಬರ್ ಬಿದ್ದುಹೋದರೆ ಮೋಟರಿನಲ್ಲಿ ದೋಷವಿಲ್ಲದಿದ್ದರೂ ಕಟ್ಟೆಯ ಮೇಲಿನ ಪಾತ್ರೆಗಳೆಲ್ಲ ಗಲಗಲ ಎನ್ನುತ್ತವಲ್ಲ, ಹಾಗೆ. ಇವೆರಡರಲ್ಲಿ ನಿಮ್ಮದು ಯಾವುದು ಎಂದು ತೀರ್ಮಾನವಾಗುವ ತನಕ ಒಂದು ಭಾಗವನ್ನೂ ಕೊಳ್ಳಬೇಡಿ. ಪ್ಲಗ್ ಮತ್ತು ಕ್ಲೀನರ್‌ಗೆ ಹಾಕಿದ ಹಣ ವ್ಯರ್ಥವಾದದ್ದು ಈ ತೀರ್ಮಾನ ಮೊದಲು ಆಗದೇ ಇದ್ದುದರಿಂದ.

ಕೈಗೆ ಸಿಗುವ ನಡುಕವೇ ಸುಳಿವು

4 ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಒಂದು ಸುತ್ತು ಬಂದಾಗ ಎರಡು ಸಲ ಇಂಧನ ಉರಿಯುತ್ತದೆ. 700 ಆರ್‌ಪಿಎಂ ಎಂದರೆ ನಿಮಿಷಕ್ಕೆ 1400 ಹೊಡೆತ, ಸೆಕೆಂಡಿಗೆ ಸುಮಾರು 23. ಇದು ಎಷ್ಟೇ ಆರೋಗ್ಯವಾದ ಎಂಜಿನ್ನಿನಲ್ಲೂ ಇರುತ್ತದೆ. ಮೌಂಟಿಂಗ್ ಸೋತಾಗ ಕೈಗೆ ಸಿಗುವುದು ಇದೇ: ಒಂದೇ ಸಮನಾದ, ಎಣಿಸಲಾಗದ ಜುಂಯ್ ಎನ್ನುವ ಅದುರು. ಸ್ಟೀರಿಂಗ್ ಕಾಲಂ, ಸೀಟು, ಕನ್ನಡಿಗಳ ಸ್ವಂತ ಕಂಪನದ ವೇಗವೂ ಹೆಚ್ಚುಕಡಿಮೆ ಇದರ ಆಸುಪಾಸಿನಲ್ಲೇ ಇರುವುದರಿಂದ ಎಂಜಿನ್ನಿನ ಅದುರು ಅವಕ್ಕೆ ಬೇಗ ಅಂಟಿಕೊಳ್ಳುತ್ತದೆ.

ಒಂದು ಸಿಲಿಂಡರ್ ಪೂರ್ತಿ ಕೆಲಸ ಬಿಟ್ಟಿದ್ದರೆ ಕಥೆ ಬೇರೆ. ಪ್ರತಿ ಸಿಲಿಂಡರ್ ಉರಿಯುವುದು ಎರಡು ಸುತ್ತಿಗೊಮ್ಮೆ. ಹಾಗಾಗಿ 700 ಆರ್‌ಪಿಎಂನಲ್ಲಿ ಅದರ ಕೊರತೆ ಸೆಕೆಂಡಿಗೆ ಆರು ಸಲದಷ್ಟು ಕಾಣಿಸಿಕೊಳ್ಳುತ್ತದೆ. ಆಗ ಅದುರಲ್ಲ, ಕುಲುಕಾಟ. ಇಡೀ ಕಾರಿನ ಮೈ ತೂಗುತ್ತದೆ, ಬಾನೆಟ್ ತೆರೆದರೆ ಎಂಜಿನ್ ಪಕ್ಕಕ್ಕೆ ಒದೆಯುವುದು ಕಣ್ಣಿಗೇ ಕಾಣುತ್ತದೆ. ಮೂರನೆಯ ಬಗೆ, ನಾಲ್ಕೈದು ಸೆಕೆಂಡಿಗೊಮ್ಮೆ ಹೊತ್ತುಗೊತ್ತಿಲ್ಲದೆ ಬರುವ ಒಂಟಿ ಜರ್ಕ್. ಅದು ಅಪರೂಪಕ್ಕೊಮ್ಮೆ ಆಗುವ ಮಿಸ್‌ಫೈರ್.

ನಿಮ್ಮದು ‘ಡಿ’ಯಲ್ಲಿ ಹೆಚ್ಚು, ‘ಎನ್’ನಲ್ಲಿ ಕಡಿಮೆ, ಓಡುವಾಗ ಇಲ್ಲ. ‘ಡಿ’ಯಲ್ಲಿ ನಿಂತಾಗ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ದ್ರವದ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಎಂಜಿನ್ನನ್ನು ಎಳೆದು ಹಿಡಿಯುತ್ತದೆ. ಎಂಜಿನ್ ತನ್ನ ಕೂರಿಕೆಯಲ್ಲಿ ಒಂದು ಕಡೆಗೆ ವಾಲುತ್ತದೆ. ರಬ್ಬರ್ ಕುಸಿದಿದ್ದರೆ ಆ ವಾಲಿಕೆಯಲ್ಲಿ ಮೌಂಟಿಂಗ್‌ನ ಲೋಹದ ತಟ್ಟೆಗಳು ಒಂದಕ್ಕೊಂದು ತಗುಲುತ್ತವೆ, ಅದುರು ನೇರವಾಗಿ ಚಾಸಿಗೆ ಇಳಿಯುತ್ತದೆ. ‘ಎನ್’ಗೆ ಹಾಕಿದೊಡನೆ ಎಂಜಿನ್ ನೆಟ್ಟಗಾಗುತ್ತದೆ, ಲೋಹ ಬಿಡಿಸಿಕೊಳ್ಳುತ್ತದೆ. ಹಾಗಾಗಿ ನನ್ನ ಮೊದಲ ಅನುಮಾನ ಮೌಂಟಿಂಗ್ ಮೇಲೆ, ಎರಡನೆಯದು ಮಸಿ ಕಟ್ಟಿದ ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಮೇಲೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ಆರ್‌ಪಿಎಂ) 750ರ ಬದಲು 620ಕ್ಕೆ ಇಳಿದರೆ ಅರ್ಧ ಸೋತ ಮೌಂಟಿಂಗ್ ಕೂಡ ಪೂರ್ತಿ ಸೋತಂತೆ ಕಾಣುತ್ತದೆ.

ಗ್ಯಾರೇಜಿಗೆ ಹೋಗುವ ಮೊದಲು

ಎಂಜಿನ್ ಪೂರ್ತಿ ಬಿಸಿಯಾಗಲಿ. ಬಯಲಿನಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ.

ಮೊದಲು ಟ್ಯಾಕೋಮೀಟರ್ ನೋಡಿ. ಎಷ್ಟು ಇರಬೇಕು ಎಂಬುದು ಕಾರಿನ ಮ್ಯಾನುಯಲ್‌ನಲ್ಲಿ ಅಥವಾ ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿರುತ್ತದೆ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ 650ರಿಂದ 850ರ ಒಳಗೆ. ಈಗ ಎ.ಸಿ. ಹಾಕಿ. ಕಂಪ್ರೆಸರ್ ಹಿಡಿದಾಗ ಮುಳ್ಳು ಕ್ಷಣಮಾತ್ರ ಕುಗ್ಗಿ ಮೊದಲಿನ ಜಾಗಕ್ಕೆ ಅಥವಾ ಅದಕ್ಕಿಂತ 50ರಿಂದ 100 ಮೇಲಕ್ಕೆ ಬರಬೇಕು. ನೂರಕ್ಕಿಂತ ಹೆಚ್ಚು ಕುಸಿದು ತಡವಾಗಿ ಮೇಲೇಳುತ್ತಿದ್ದರೆ ಎಂಜಿನ್ನಿಗೆ ಹೊತ್ತಿಗೆ ಸರಿಯಾಗಿ ಗಾಳಿ ಸಿಗುತ್ತಿಲ್ಲ, ಥ್ರಾಟಲ್ ಬಾಡಿ ನೋಡಬೇಕು. ಮುಳ್ಳು ಅಲುಗದೆ ನಿಂತಿದ್ದೂ ಅದುರು ಹೆಚ್ಚಾದರೆ ಮೌಂಟಿಂಗ್ ಕಡೆಗೆ ತೂಕ.

ಮುಂದಿನದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಬ್ರೇಕನ್ನು ಬಲವಾಗಿ ಒತ್ತಿರಲಿ. ಇನ್ನೊಬ್ಬರು ಕಾರಿನ ಪಕ್ಕದಲ್ಲಿ ನಿಂತು ತೆರೆದ ಬಾನೆಟ್‌ನೊಳಗೆ ನೋಡಲಿ. ಮುಂದೆಯೂ ಹಿಂದೆಯೂ ಯಾರೂ ಇರಕೂಡದು. ಬೆಲ್ಟು, ಫ್ಯಾನಿನ ಹತ್ತಿರ ಕೈ, ಸೆರಗು, ದುಪಟ್ಟಾ ಬೇಡ. ‘ಡಿ’ಗೆ ಹಾಕಿ ಎರಡು ಸೆಕೆಂಡ್, ‘ಎನ್’, ಮತ್ತೆ ‘ಆರ್’ಗೆ ಹಾಕಿ ಎರಡು ಸೆಕೆಂಡ್. ಆಕ್ಸಿಲರೇಟರ್ ಮುಟ್ಟಬೇಡಿ. ಎಂಜಿನ್ ಒಂದೆರಡು ಸೆಂಟಿಮೀಟರ್ ವಾಲುವುದು ಸಹಜ. ಅದಕ್ಕಿಂತ ಹೆಚ್ಚು ಎದ್ದು ಕೂತರೆ, ಅಥವಾ ಗೇರ್ ಬದಲಿಸುವಾಗ ‘ಟಕ್’ ಎಂದು ಲೋಹದ ಸದ್ದು ಬಂದರೆ, ಯಾವುದೋ ಮೌಂಟಿಂಗ್ ಹರಿದಿದೆ. ಆದರೆ ಎಂಜಿನ್ ಅಲುಗದೇ ಇದ್ದ ಮಾತ್ರಕ್ಕೆ ಮೌಂಟಿಂಗ್ ಚೆನ್ನಾಗಿದೆ ಎಂದಲ್ಲ. ರಬ್ಬರ್ ಹರಿಯದೆ ಗಟ್ಟಿಯಾಗಿರಬಹುದು, ಕುಸಿದು ಕೂತಿರಬಹುದು. ಆಗ ಎಂಜಿನ್ ಅಲುಗುವುದಿಲ್ಲ, ಅದುರು ಮಾತ್ರ ಚೆನ್ನಾಗಿ ದಾಟುತ್ತದೆ.

ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಟಾರ್ಚ್ ಹಿಡಿದು ಒಂದೊಂದೇ ಮೌಂಟಿಂಗ್ ನೋಡಿ. ಅಡ್ಡ ಕೂರಿಸಿದ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಇರುತ್ತವೆ: ಟೈಮಿಂಗ್ ಬದಿಯಲ್ಲಿ (ಗೇರ್‌ಬಾಕ್ಸಿಗೆ ಎದುರಿನ ಬದಿ) ಒಂದು, ಗೇರ್‌ಬಾಕ್ಸ್ ಬದಿಯಲ್ಲಿ ಒಂದು, ಕೆಳಗೆ ಎಂಜಿನ್ ಹಿಂದೆ ಮುಂದೆ ತೂಗದಂತೆ ಹಿಡಿಯುವ ಟಾರ್ಕ್ ರಾಡ್. ಟೈಮಿಂಗ್ ಬದಿಯದು ಅನೇಕ ಕಾರುಗಳಲ್ಲಿ ಒಳಗೆ ದ್ರವ ತುಂಬಿದ ಹೈಡ್ರಾಲಿಕ್ ಮೌಂಟಿಂಗ್. ಅದರ ಮೈಮೇಲೆ, ಕೆಳಗಿನ ಬ್ರಾಕೆಟ್ಟಿನಲ್ಲಿ ಜಿಡ್ಡಾದ ಕಪ್ಪು ಅಥವಾ ಕಂದು ಸೋರಿಕೆ ಕಂಡರೆ ದ್ರವ ಹೋಗಿದೆ, ಅದರ ಆಯುಷ್ಯ ಮುಗಿದಿದೆ. ಕೆಲವು ಕಾರುಗಳಲ್ಲಿ ಐಡಲ್‌ನಲ್ಲಿ ಮೆತ್ತಗಾಗುವಂತೆ ವ್ಯಾಕ್ಯೂಮ್ ಅಥವಾ ವಿದ್ಯುತ್ತಿನಿಂದ ನಿಯಂತ್ರಿಸುವ ಮೌಂಟಿಂಗ್ ಇರುತ್ತದೆ. ಅಂಥದರಲ್ಲಿ ಬದಲಿಸುವ ಮೊದಲು ಕಳಚಿದ ಪೈಪು, ಸಡಿಲ ಕನೆಕ್ಟರ್ ನೋಡಿ. ಎಷ್ಟೋ ಸಲ ಅಷ್ಟೇ ಆಗಿರುತ್ತದೆ.

ಹಾಗೆಯೇ ಕೆಳಗೆ ಬಗ್ಗಿ ಸೈಲೆನ್ಸರ್ ಪೈಪನ್ನೂ ನೋಡಿ. ತೂಗುಹಾಕಿದ ರಬ್ಬರ್ ಹರಿದು ಪೈಪು ಚಾಸಿಗೋ ಶಾಖ ತಡೆಯುವ ತಗಡಿಗೋ ತಾಗಿದ್ದರೆ ಎಂಜಿನ್ನಿನಷ್ಟೇ ಅದುರು ಅಲ್ಲಿಂದಲೂ ಒಳಬರುತ್ತದೆ. ಈ ಪುಟ್ಟ ರಬ್ಬರಿನ ಕಡೆ ಗಮನ ಕೊಡುವವರು ಕಡಿಮೆ.

ಗ್ಯಾರೇಜಿನಲ್ಲಿ ಇದನ್ನೇ ಕೇಳಿ

ಸ್ಕ್ಯಾನರ್ ಹಚ್ಚಿ ಕೋಡ್ ಓದಿಸುವುದಷ್ಟೇ ಸಾಲದು. ಚೆಕ್ ಎಂಜಿನ್ ದೀಪ ಹತ್ತಿಲ್ಲ ಎಂದರೆ ಮಿಸ್‌ಫೈರ್ ಇಲ್ಲ ಎಂದು ಅರ್ಥವಲ್ಲ. ಮಿಸ್‌ಫೈರ್‌ಗಳ ಸಂಖ್ಯೆ ನಿಗದಿತ ಮಿತಿ ದಾಟಿದಾಗ ಮಾತ್ರ ದೀಪ ಹತ್ತುತ್ತದೆ. ಸ್ಕ್ಯಾನರಿನಲ್ಲಿ ಸಿಲಿಂಡರ್‌ವಾರು ಮಿಸ್‌ಫೈರ್ ಎಣಿಕೆ ತೋರಿಸಲು ಹೇಳಿ, ‘ಡಿ’ಯಲ್ಲಿ ನಿಲ್ಲಿಸಿ ಐದು ನಿಮಿಷ ನೋಡಿ. ನಾಲ್ಕೂ ಸೊನ್ನೆಯಲ್ಲಿ ಅಥವಾ ಅದರ ಹತ್ತಿರ ನಿಂತಿದ್ದರೆ ಎಂಜಿನ್ ನಿರ್ದೋಷಿ ಎಂದು ಹೆಚ್ಚುಕಡಿಮೆ ಖಚಿತ. ಒಂದರಲ್ಲಿ ಮಾತ್ರ ಎಣಿಕೆ ಏರುತ್ತಿದ್ದರೆ ಆ ಸಿಲಿಂಡರಿನ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲನ್ನು ಪಕ್ಕದ್ದರೊಂದಿಗೆ ಅದಲುಬದಲು ಮಾಡಿ. ಎಣಿಕೆ ಕಾಯಿಲಿನ ಹಿಂದೆಯೇ ಹೋದರೆ ಕಾಯಿಲ್ ಹಾಳು. ಅಲ್ಲೇ ಉಳಿದರೆ ಪ್ಲಗ್ಗನ್ನೂ ಹೀಗೆಯೇ ಬದಲಿಸಿ ನೋಡಬೇಕು, ನಂತರ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ (ಸಿಲಿಂಡರಿನೊಳಗೆ ಕಟ್ಟುವ ಒತ್ತಡ).

ಯಾವ ಸಿಲಿಂಡರ್ ದುರ್ಬಲ ಎಂದು ತಿಳಿಯಲು ಕಾಯಿಲ್ ಕನೆಕ್ಟರನ್ನು ಕೀಳುವ ಅಭ್ಯಾಸ ಅನೇಕ ಕಡೆ ಇದೆ. ಬೇಡ ಎನ್ನಿ. ಕಿಡಿಯಿಲ್ಲದ ಸಿಲಿಂಡರಿಗೆ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಆ ಉರಿಯದ ಪೆಟ್ರೋಲ್ ಹೊಗೆಯನ್ನು ಶುಚಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನು ಕರಗಿಸಬಲ್ಲದು. ಕೈಗೆ ಎಟಕುವಂತಿದ್ದರೆ ಇಂಜೆಕ್ಟರ್ ಕನೆಕ್ಟರನ್ನು ಒಂದೊಂದಾಗಿ, ಕೆಲವೇ ಸೆಕೆಂಡು ತೆಗೆಯಬೇಕು. ತೆಗೆದಾಗ ಎಂಜಿನ್ ಇನ್ನಷ್ಟು ಕೆಟ್ಟು ಓಡಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ಅದೇ ಸತ್ತದ್ದು.

ಹೊಸ ಪ್ಲಗ್ ಹಾಕಿಸಿದ್ದೀರಿ, ಆದರೆ ಹೊಸದು ಎಂದ ಮಾತ್ರಕ್ಕೆ ಅದನ್ನು ಅನುಮಾನದ ಪಟ್ಟಿಯಿಂದ ತೆಗೆಯಬೇಡಿ. ಕೈಜಾರಿ ಬಿದ್ದ ಪ್ಲಗ್ಗಿನ ಗ್ಯಾಪ್ ಮುಚ್ಚಿಕೊಂಡಿರುತ್ತದೆ, ಪಿಂಗಾಣಿಯಲ್ಲಿ ಕೂದಲೆಳೆ ಬಿರುಕು ಬಿಟ್ಟಿರುತ್ತದೆ. ಗ್ಯಾಪ್ ಬಹುತೇಕ ಕಾರುಗಳಲ್ಲಿ 0.8ರಿಂದ 1.1 ಮಿ.ಮೀ. ಒಳಗೆ, ನಿಮ್ಮ ಎಂಜಿನ್ನಿನ ನಿಖರ ಅಳತೆ ಮ್ಯಾನುಯಲ್‌ನಲ್ಲಿದೆ. ಇರಿಡಿಯಂ ಪ್ಲಗ್ಗಿನ ತೆಳು ತುದಿಗೆ ನಾಣ್ಯದಂಥ ಗ್ಯಾಪ್ ಅಳತೆ ತೂರಿಸಿದರೆ ತುದಿ ಮುರಿಯುತ್ತದೆ, ವೈರ್ ಗೇಜ್ ಬಳಸಬೇಕು.

ಇದರ ಜೊತೆಗೆ ಫ್ಯುಯಲ್ ಟ್ರಿಮ್ ನೋಡಿಸಿ. ಎಂಜಿನ್ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡಬೇಕಾಗಿ ಬಂದಿದೆ ಎಂಬುದನ್ನು ಅದು ಶೇಕಡಾದಲ್ಲಿ ತೋರಿಸುತ್ತದೆ. ಅಲ್ಪಾವಧಿ, ದೀರ್ಘಾವಧಿ ಎರಡನ್ನೂ ಕೂಡಿಸಿ ಶೇ. 5ರ ಒಳಗಿದ್ದರೆ ಚೆನ್ನಾಗಿದೆ, 10 ದಾಟಿದರೆ ಹುಡುಕಬೇಕು. ಐಡಲ್‌ನಲ್ಲಿ ಅಧಿಕ 18, 2500 ಆರ್‌ಪಿಎಂಗೆ ಏರಿಸಿದಾಗ 3 ಎಂದು ತೋರಿಸಿದರೆ ಇನ್‌ಟೇಕ್‌ನಲ್ಲಿ ಗಾಳಿ ಸೋರುತ್ತಿದೆ. ಐಡಲ್‌ನಲ್ಲಿ ಎಂಜಿನ್ ಕುಡಿಯುವ ಗಾಳಿಯೇ ಅಲ್ಪ, ಅದರಲ್ಲಿ ಕಳ್ಳದಾರಿಯಿಂದ ಬಂದದ್ದು ದೊಡ್ಡ ಪಾಲು. ವೇಗ ಹೆಚ್ಚಾದಾಗ ಆ ಪಾಲು ಲೆಕ್ಕಕ್ಕೆ ಬರುವುದಿಲ್ಲ. ಬದಲಿಗೆ ವೇಗ, ಲೋಡ್ ಹೆಚ್ಚಿದಂತೆ ಅಧಿಕ ಟ್ರಿಮ್ ಇನ್ನೂ ಏರಿದರೆ ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಗಾಳಿ ಅಳೆಯುವ ಸೆನ್ಸರ್ ಕಡೆ ನೋಡಬೇಕು. ಸೋರಿಕೆ ಹುಡುಕಲು ಹೊಗೆ ಹಾಯಿಸುವ ಯಂತ್ರವೇ ಸರಿ. ಬಿಸಿ ಎಂಜಿನ್ನಿನ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಆರ್‌ಪಿಎಂ ಬದಲಾಗುವುದನ್ನು ನೋಡುವ ವಿಧಾನ ಬೆಂಕಿಗೆ ಆಹ್ವಾನ.

ಗಾಳಿ ಸೋರಿಕೆ ಎಂದೊಡನೆ ಎಲ್ಲರೂ ಪೈಪುಗಳನ್ನಷ್ಟೇ ನೋಡುತ್ತಾರೆ. ಪಿಸಿವಿ ವಾಲ್ವ್ (ಎಂಜಿನ್ ತಳದ ಆವಿಯನ್ನು ಇನ್‌ಟೇಕ್‌ಗೆ ಬಿಡುವುದು), ಬ್ರೇಕ್ ಬೂಸ್ಟರ್ (ಪೆಡಲಿಗೆ ಬಲ ಕೂಡಿಸುವುದು), ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವುದು) ಕೂಡ ಅದೇ ಲಕ್ಷಣ ಕೊಡುತ್ತವೆ. ಪೆಟ್ರೋಲ್ ತುಂಬಿಸಿದ ಕೂಡಲೇ ಎಂಜಿನ್ ತಡವರಿಸಿ ಶುರುವಾಗಿ ನಡುಗುತ್ತಿದ್ದರೆ ಪರ್ಜ್ ವಾಲ್ವ್ ತೆರೆದೇ ಉಳಿದಿದೆ. ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಹಿಸುಕಿ ಹಿಡಿದಾಗ ಐಡಲ್ ಸರಿಹೋದರೆ ಬೇರೆ ಸಾಕ್ಷಿ ಬೇಡ. ಬ್ರೇಕ್ ಪೆಡಲ್ ಒತ್ತಿದಾಗ ಬುಸ್ ಎನ್ನುತ್ತಾ ಐಡಲ್ ಬದಲಾದರೆ ಬೂಸ್ಟರ್. ಇದನ್ನು ಮುಂದೂಡಬೇಡಿ, ಬ್ರೇಕಿನ ಪ್ರಶ್ನೆ.

ಹೆಡ್ ಇಳಿಸುವ ಮಾತು

ಕಂಪ್ರೆಷನ್ ಅಳೆಯದೆ ಹೆಡ್ ಇಳಿಸಬೇಕು ಎನ್ನುವವರಿಗೆ ಕಾರು ಬಿಡಬೇಡಿ. ಅಳತೆಗೆ ಅರ್ಧ ದಿನವೂ ಬೇಡ. ಎಂಜಿನ್ ಬಿಸಿ ಇರಬೇಕು, ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಕಡಿತಗೊಳಿಸಬೇಕು, ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಪ್ರತಿ ಸಿಲಿಂಡರಿಗೂ ಐದಾರು ಹೊಡೆತ ಸ್ಟಾರ್ಟರ್ ತಿರುಗಿಸಬೇಕು. ಆರೋಗ್ಯವಾದ ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 14 ಬಾರ್ ಬರುತ್ತದೆ. ಆದರೆ ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಅದು ಶೇ. 10–15 ದಾಟಬಾರದು. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ ರಂಧ್ರದಿಂದ ಒಂದು ಟೀ ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಹೆಡ್ ಇಳಿಸುವ ಮಾತಿಗೆ ಆಗ ಆಧಾರ ಸಿಕ್ಕಂತೆ. ಗ್ಯಾಸ್ ಕಿಟ್ ಹಾಕಿಸಿದ ಕಾರಾದರೆ ಅದಕ್ಕೂ ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಅಂತರ) ನೋಡಿಸಿ. ವಾಲ್ವ್ ಸೀಟು ಸವೆದು ಗ್ಯಾಪ್ ಮುಚ್ಚಿದರೂ ಕಂಪ್ರೆಷನ್ ಇಳಿಯುತ್ತದೆ.

ಪಿಕಪ್, ಮೈಲೇಜ್ ಎರಡೂ ಸರಿ ಇರುವ ನಿಮ್ಮ ಕಾರಿನಲ್ಲಿ ಈ ಅಳತೆ ಚೆನ್ನಾಗಿಯೇ ಬರಬೇಕು.

ಬಾಯಿಂದ ಬಾಯಿಗೆ ಬಂದ ನಂಬಿಕೆಗಳು

ಇಂಜೆಕ್ಟರ್ ಕ್ಲೀನರ್ ಪೂರ್ತಿ ನಿಷ್ಪ್ರಯೋಜಕವಲ್ಲ. ಪಾಲಿಈಥರ್ ಅಮೀನ್ ಇರುವ ಒಳ್ಳೆಯ ಕ್ಲೀನರ್ ಇಂಜೆಕ್ಟರಿನ ಜಿಡ್ಡು ಕರಗಿಸುತ್ತದೆ. ಹರಿದ ರಬ್ಬರನ್ನು ಅದು ಜೋಡಿಸಲಾರದು. ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಪೆಟ್ರೋಲ್ ಹಾಯುವುದೇ ಇಲ್ಲವಾದ್ದರಿಂದ ಅಲ್ಲಿನ ಮಸಿಯನ್ನೂ ಅದು ಮುಟ್ಟುವುದಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿ ಕೆರೆಯಬೇಕು, ಅಥವಾ ಅಕ್ರೋಟು ಚಿಪ್ಪಿನ ಪುಡಿ ಹಾಯಿಸಿ ಶುಚಿ ಮಾಡಬೇಕು. ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಿದರೆ ಎಂಜಿನ್ ನಯವಾಗುತ್ತದೆ ಎಂಬುದು ಸುಳ್ಳು. ಆಕ್ಟೇನ್ ತಡೆಯುವುದು ಲೋಡ್‌ನಲ್ಲಿ ಬರುವ ನಾಕಿಂಗನ್ನು. ದಪ್ಪ ಆಯಿಲ್ ಸದ್ದನ್ನು ಸ್ವಲ್ಪ ಅಡಗಿಸಬಹುದು, ಅದುರನ್ನಲ್ಲ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ಎಂದವರಿದ್ದರೆ, ನಿಂತ ಕಾರಿನ ಚಕ್ರ ತಿರುಗುವುದಿಲ್ಲ.

ಸರಿಪಡಿಸುವ ದಾರಿಗಳು, ಅವುಗಳ ಅಪಾಯ

ಮೊದಲು ಥ್ರಾಟಲ್ ಬಾಡಿ ಶುಚಿ ಮಾಡಿಸಿ. ಖರ್ಚು ಕಡಿಮೆ, ಮೌಂಟಿಂಗ್ ಬದಲಿಸುವುದಿದ್ದರೂ ಐಡಲ್ ಸರಿ ಇರಲೇಬೇಕು. ದ್ರವವನ್ನು ಬಟ್ಟೆಗೆ ಸಿಂಪಡಿಸಿ ಬಟ್ಟೆಯಿಂದ ಒರೆಸಬೇಕು. ನೇರ ಸುರಿದರೆ ಮೋಟರ್, ಸೆನ್ಸರ್ ಒಳಗೆ ಇಳಿಯುತ್ತದೆ. ಕೀ ಆನ್ ಇರುವಾಗ ಎಲೆಕ್ಟ್ರಾನಿಕ್ ಥ್ರಾಟಲ್‌ನ ತಟ್ಟೆಯನ್ನು ಬೆರಳಿನಿಂದ ತಳ್ಳಿದರೆ ಗೇರ್ ಹಲ್ಲು ಮುರಿಯಬಹುದು, ಬೆರಳೂ ಸಿಕ್ಕಿಕೊಳ್ಳಬಹುದು. ಶುಚಿಯಾದ ಮೇಲೆ ಐಡಲ್ 1200–1500ಕ್ಕೆ ಏರಿ ನಿಂತರೆ ಗಾಬರಿ ಬೇಡ. ಮಸಿ ಇದ್ದಾಗಿನ ಲೆಕ್ಕವನ್ನೇ ಕಂಪ್ಯೂಟರ್ ಹಿಡಿದುಕೊಂಡಿರುತ್ತದೆ. ನಿಮ್ಮ ಮಾದರಿಗೆ ಹೇಳಿದ ಐಡಲ್ ರೀಲರ್ನ್ (ಕಂಪ್ಯೂಟರಿಗೆ ಐಡಲ್ ಲೆಕ್ಕವನ್ನು ಮತ್ತೆ ಕಲಿಸುವ) ವಿಧಾನವನ್ನು ಸ್ಕ್ಯಾನರಿನಲ್ಲಿ ಮಾಡಿಸಿದರೆ ಇಳಿಯುತ್ತದೆ.

ಇದಾದ ಮೇಲೂ ‘ಡಿ’ಯಲ್ಲಿ ಅದುರು ಉಳಿದು, ಮಿಸ್‌ಫೈರ್ ಎಣಿಕೆ ಸೊನ್ನೆ ಇದ್ದರೆ ಮೌಂಟಿಂಗ್ ಬದಲಿಸಿ. ಯಾವುದು ಎಂದು ಖಚಿತಪಡಿಸಲು ಮೆಕ್ಯಾನಿಕ್‌ಗೆ ಒಂದು ಉಪಾಯ ಹೇಳಿ: ಟಾರ್ಕ್ ರಾಡಿನ ಒಂದು ಬೋಲ್ಟ್ ಸಡಿಲಿಸಿ, ಗೇರ್ ಹಾಕದೆ, ಐಡಲ್‌ನಲ್ಲಿ ಬಿಟ್ಟು ನೋಡಲಿ. ‘ಎನ್’ನಲ್ಲಿ ಉಳಿದಿರುವ ಅದುರೂ ಮಾಯವಾದರೆ ಆ ರಾಡ್ ಬಿಗಿದು ಕೂತಿದೆ ಅಥವಾ ಮೇಲಿನ ಮೌಂಟಿಂಗ್ ಕುಸಿದು ಅದನ್ನು ಎಳೆಯುತ್ತಿದೆ. ಬೋಲ್ಟ್ ಮತ್ತೆ ಬಿಗಿಯುವ ತನಕ ಕಾರು ಅಲುಗಿಸಬಾರದು.

ಒಂದನ್ನೇ ಬದಲಿಸಬೇಕೋ ಎಲ್ಲವನ್ನೋ? ಎಲ್ಲವೂ ಒಂದೇ ವಯಸ್ಸಿನವು, ಒಂದು ಕುಸಿದಾಗ ಅದರ ಭಾರ ಉಳಿದವು ಹೊತ್ತಿರುತ್ತವೆ. ಹೈಡ್ರಾಲಿಕ್ ಸೋರಿದ್ದರೆ ಅದರೊಂದಿಗೆ ಟಾರ್ಕ್ ರಾಡನ್ನೂ ಬದಲಿಸುವುದು ನನ್ನ ಸಲಹೆ. ಗೇರ್‌ಬಾಕ್ಸ್ ಬದಿಯದರ ರಬ್ಬರ್ ಬಿರುಕಿಲ್ಲದೆ ಎತ್ತರ ಉಳಿಸಿಕೊಂಡಿದ್ದರೆ ಇರಲಿ. ಕಾರು ತಯಾರಕರ ಅಸಲಿ ಭಾಗವನ್ನೋ, ಅವರಿಗೆ ಪೂರೈಸುವವರದ್ದನ್ನೋ ಹಾಕಿಸಿ. ದ್ರವ ತುಂಬಿದ್ದರ ಜಾಗಕ್ಕೆ ಬರೀ ರಬ್ಬರಿನ ಅಗ್ಗದ್ದನ್ನು ಹಾಕಿದರೆ ಹೊಸ ಮೌಂಟಿಂಗ್‌ನಲ್ಲೂ ಹಳೆಯ ಅದುರೇ ಉಳಿಯುತ್ತದೆ. ಪಾಲಿಯುರಿಥೇನ್ ಮೌಂಟಿಂಗ್ ಬಾಳಿಕೆ ಬರುತ್ತದೆ ನಿಜ, ಆದರೆ ಗಟ್ಟಿ. ಐಡಲ್ ಅದುರು ಹೆಚ್ಚಾಗುತ್ತದೆ. ದಿನಬಳಕೆಯ ಕಾರಿಗೆ ಬೇಡ.

ಹೀಗೇ ಓಡಿಸಿದರೆ? ಬರೀ ಮೌಂಟಿಂಗ್ ಆಗಿದ್ದರೆ ಎಂಜಿನ್ ಒಳಗೆ ಹಾಳಾಗುವುದಿಲ್ಲ. ಕೆಲವು ವಾರ ನಿಭಾಯಿಸಬಹುದು. ತಿಂಗಳುಗಟ್ಟಲೆ ಬಿಟ್ಟರೆ ಸೈಲೆನ್ಸರಿನ ಬಳುಕುವ ಪೈಪು ಬಿರುಕು ಬಿಡುತ್ತದೆ, ಎ.ಸಿ. ಪೈಪು, ವೈರುಗಳು ಉಜ್ಜಿ ಸವೆಯುತ್ತವೆ. ಗೇರ್ ಹಾಕಿದಾಗ ಎಂಜಿನ್ ಎದ್ದು ಬೀಳುವಷ್ಟು ಹರಿದಿದ್ದರೆ ಕಾಯಬೇಡಿ. ಮಿಸ್‌ಫೈರ್ ಇದ್ದರಂತೂ ಒಂದು ವಾರವೂ ಬೇಡ. ಚೆಕ್ ಎಂಜಿನ್ ದೀಪ ಮಿನುಗಲು ಶುರುವಾದರೆ ಕ್ಯಾಟಲಿಟಿಕ್ ಕನ್ವರ್ಟರ್ ಅಪಾಯದಲ್ಲಿದೆ ಎಂದೇ ಅರ್ಥ. ವೇಗ ತಗ್ಗಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಐಡಲ್ ಏರಿಸುವ ಉಪಾಯದಿಂದ ಪೆಟ್ರೋಲ್ ಹೆಚ್ಚು ಖರ್ಚಾಗುವುದಲ್ಲದೆ ‘ಡಿ’ಯಲ್ಲಿ ಕಾರು ಮುಂದಕ್ಕೆ ತಳ್ಳುವ ಬಲ ಹೆಚ್ಚುತ್ತದೆ. ಜನನಿಬಿಡ ಜಾಗದಲ್ಲಿ ಅದು ಒಳ್ಳೆಯದಲ್ಲ.

ಇದೇ ತೊಂದರೆ ಇರುವ ಬೇರೆ ಓದುಗರಿಗೆ ಒಂದೆರಡು ಮಾತು. 3 ಸಿಲಿಂಡರಿನ ಎಂಜಿನ್ ಹೊಸದಿದ್ದಾಗಲೂ ಸ್ವಲ್ಪ ತೂಗುತ್ತದೆ. ಅದೇ ಮಾದರಿಯ ಇನ್ನೊಂದು ಕಾರಿನಲ್ಲಿ ಕೂತು ಹೋಲಿಸಿ ನೋಡದೆ ದೂರಬೇಡಿ. ಮ್ಯಾನುಯಲ್ ಗೇರಿನ ಡೀಸೆಲ್ ಕಾರಿನಲ್ಲಿ ಕ್ಲಚ್ ಒತ್ತಿದಾಗ ನಡುಕ ಬದಲಾಗಿ, ಎಂಜಿನ್ ನಿಲ್ಲಿಸುವಾಗ ಗಡಗಡ ಸದ್ದು ಬಂದರೆ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ ಮತ್ತು ಕ್ಲಚ್ ನಡುವೆ ಕಂಪನ ಹೀರುವ ಚಕ್ರ) ನೋಡಿಸಿ. ಇಲ್ಲವಾದರೆ ಸ್ಕ್ಯಾನರಿನಲ್ಲಿ ಇಂಜೆಕ್ಟರ್ ತಿದ್ದುಪಡಿ ಅಂಕಿಗಳನ್ನು (ಪ್ರತಿ ಇಂಜೆಕ್ಟರಿನ ಇಂಧನವನ್ನು ಕಂಪ್ಯೂಟರ್ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದು) ಓದಿಸಿ.

ಹೊಸ ಮೌಂಟಿಂಗ್ ಹಾಕುವಾಗ ನೀವು ಹತ್ತಿರವಿದ್ದು ಇಷ್ಟನ್ನು ಗಮನಿಸಿ. ಎಂಜಿನ್ನನ್ನು ಕೆಳಗಿನಿಂದ ಎತ್ತಿ ಹಿಡಿಯುವ ಜ್ಯಾಕ್ ಮತ್ತು ಆಯಿಲ್ ಸಂಪ್ ನಡುವೆ ಅಗಲವಾದ ಮರದ ಹಲಗೆ ಇರಲಿ, ಇಲ್ಲದಿದ್ದರೆ ಸಂಪ್ ತಗ್ಗಾಗುತ್ತದೆ. ಬೋಲ್ಟುಗಳನ್ನು ಮೊದಲು ಕೈಬಿಗಿಯಷ್ಟೇ ಬಿಗಿದು, ಜ್ಯಾಕ್ ಇಳಿಸಿ, ಎಂಜಿನ್ನನ್ನು ಹಿಂದೆ ಮುಂದೆ ಅಲುಗಿಸಿ ಅದು ತಾನಾಗಿ ಕೂತ ಮೇಲೆ, ಕಾರು ಚಕ್ರಗಳ ಮೇಲೆ ನಿಂತಿರುವಾಗ, ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿಯಬೇಕು. ಟಾರ್ಕ್ ರಾಡ್ ಕೊನೆಗೆ. ಎಳೆದು ಕೂರಿಸಿ ಬಿಗಿದ ಮೌಂಟಿಂಗ್ ಮೊದಲ ದಿನದಿಂದಲೇ ಒಂದು ಕಡೆಗೆ ಒತ್ತಿಕೊಂಡಿರುತ್ತದೆ, ಅದುರೂ ಉಳಿಯುತ್ತದೆ. ಹೊಸದು ಹಾಕಿದ ಮೇಲೂ ನಡುಕ ಹೋಗದಿದ್ದರೆ ಇನ್ನೊಂದು ಭಾಗ ತರಿಸುವ ಮೊದಲು ಎಲ್ಲ ಬೋಲ್ಟು ಸಡಿಲಿಸಿ ಇದೇ ಕ್ರಮದಲ್ಲಿ ಮತ್ತೆ ಬಿಗಿಸಿ ನೋಡಿ.